ಆಂಪ್ಲಿಫೈಯರಿನ ಶ್ರವಣ ಪರೀಕ್ಷೆ

ಆಂಪ್ಲಿಫೈಯರಿನ ಶ್ರವಣ ಪರೀಕ್ಷೆ ಎಂದರೆ ಮನೆಯಲ್ಲಿ ಸಂಗೀತ ಕೇಳಲು ಬಳಸುವ ಆಂಪ್ಲಿಫೈಯರಿನ ಗುಣವನ್ನು ಮಾಪಕಗಳಿಂದಲ್ಲದೆ ಕಿವಿಯಿಂದ ಕೇಳಿ ನಿರ್ಣಯಿಸುವ ಕ್ರಮ. ಆಂಪ್ಲಿಫೈಯರಿಗೆ ಕನ್ನಡದಲ್ಲಿ ಪ್ರವರ್ಧಕ ಎಂಬ ಹೆಸರೂ ಇದೆ. ಧ್ವನಿವರ್ಧಕ ಎಂಬ ಪದ ಬಳಕೆಯಲ್ಲಿ ಹೆಚ್ಚಾಗಿ ಲೌಡ್‌ಸ್ಪೀಕರನ್ನು ಸೂಚಿಸುವುದರಿಂದ ಎರಡನ್ನೂ ಬೇರೆಯಾಗಿಯೇ ತಿಳಿಯಬೇಕು. ಗೃಹಬಳಕೆಯ ಆಂಪ್ಲಿಫೈಯರುಗಳ ಬೆಲೆ ಕೆಲವು ಸಾವಿರ ರೂಪಾಯಿಗಳಿಂದ ಹಲವು ಲಕ್ಷಗಳವರೆಗೆ ಹಬ್ಬಿದೆ. ಉನ್ನತ ದರ್ಜೆಯ ಯಂತ್ರಗಳನ್ನು ಕೇಳಿ ನೋಡುವ ಮಳಿಗೆಗಳು ಹೆಚ್ಚಾಗಿ ಮಹಾನಗರಗಳಲ್ಲಿವೆ. ಆದಕಾರಣ ಸಣ್ಣ ಊರಿನ ಕೊಳ್ಳುಗರು ಇತರರು ಬರೆದ ಶ್ರವಣಾನುಭವವನ್ನು ನಂಬಿಯೇ ಹಣ ತೆರಬೇಕಾಗುತ್ತದೆ. ಅಂತಹ ಬರಹ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದು ಅದು ಯಾವ ಸ್ಥಿತಿಯಲ್ಲಿ ಕೇಳಿ ಬರೆದದ್ದು ಎಂಬುದನ್ನು ಅವಲಂಬಿಸಿದೆ.

ಹಿನ್ನೆಲೆ

ಅಮೆರಿಕದ ಹೆರಾಲ್ಡ್ ಬ್ಲ್ಯಾಕ್ ಅವರು 1927ರಲ್ಲಿ ಋಣ ಮರುಪೂರಣ ತತ್ತ್ವವನ್ನು ರೂಪಿಸಿದರು. ಆಂಪ್ಲಿಫೈಯರಿನಿಂದ ಹೊರಬಂದ ಸಂಕೇತದ ಒಂದು ಅಂಶವನ್ನು ವಿರುದ್ಧ ದಿಕ್ಕಿನಲ್ಲಿ ಒಳಕ್ಕೆ ಕಳುಹಿಸಿ ದೋಷವನ್ನು ತಗ್ಗಿಸುವುದೇ ಈ ತತ್ತ್ವ. ಇದನ್ನು ಬಳಸಿ ಬ್ರಿಟನ್ನಿನ ಡಿ. ಟಿ. ಎನ್. ವಿಲಿಯಮ್‌ಸನ್ 1947ರಲ್ಲಿ ಪ್ರಕಟಿಸಿದ ವಾಲ್ವ್ ಆಂಪ್ಲಿಫೈಯರಿನ ವಿನ್ಯಾಸದಲ್ಲಿ ವಿರೂಪದ ಪ್ರಮಾಣ ಶೇಕಡಾ 0.1ರಷ್ಟು ಕೆಳಗಿಳಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ರೂಪುಗೊಂಡಿತು. ಆ ಕಾಲದ ಪತ್ರಿಕೆಗಳು ಆಂಪ್ಲಿಫೈಯರನ್ನು ಮುಖ್ಯವಾಗಿ ಅಳತೆಗಳಿಂದಲೇ ತೂಗುತ್ತಿದ್ದವು. 1962ರಲ್ಲಿ ಜೆ. ಗೋರ್ಡನ್ ಹೋಲ್ಟ್ ಅವರು ‘ಸ್ಟೀರಿಯೋಫೈಲ್’ ಪತ್ರಿಕೆಯನ್ನು ಆರಂಭಿಸಿ ಕೇಳಿ ಬರೆಯುವ ಪದ್ಧತಿಗೆ ಪ್ರಾಧಾನ್ಯ ಕೊಟ್ಟರು. ಅಂದಿನಿಂದ ಅಳತೆಯೇ ಪ್ರಮಾಣವೆನ್ನುವವರು ಹಾಗೂ ಕಿವಿಯೇ ಪ್ರಮಾಣವೆನ್ನುವವರು ಎಂಬ ಎರಡು ಪಕ್ಷಗಳು ಬೆಳೆದು ಬಂದಿವೆ.

ಆಂಪ್ಲಿಫೈಯರುಗಳ ವರ್ಗಗಳು

ತಟ್ಟೆ, ಟೇಪು ಅಥವಾ ಡಿಜಿಟಲ್ ಸಾಧನದಿಂದ ಬರುವ ದುರ್ಬಲ ವಿದ್ಯುತ್ ಸಂಕೇತವನ್ನು ಆಕಾರ ಕೆಡದಂತೆ ದೊಡ್ಡದು ಮಾಡಿ ಸ್ಪೀಕರನ್ನು ನಡೆಸುವುದು ಆಂಪ್ಲಿಫೈಯರಿನ ಕೆಲಸ. ‘ಎ’ ವರ್ಗದ ಆಂಪ್ಲಿಫೈಯರಿನಲ್ಲಿ ಸಂಗೀತವಿರಲಿ ಇಲ್ಲದಿರಲಿ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಇದರ ದಕ್ಷತೆ ಸಿದ್ಧಾಂತದಲ್ಲಿಯೇ ಶೇಕಡಾ 50ನ್ನು ಮೀರದು. ಉಳಿದದ್ದು ಶಾಖವಾಗುತ್ತದೆ. ‘ಬಿ’ ವರ್ಗದಲ್ಲಿ ಅಲೆಯ ಮೇಲಿನ ಅರ್ಧವನ್ನು ಒಂದು ಸಾಧನವೂ ಕೆಳಗಿನ ಅರ್ಧವನ್ನು ಇನ್ನೊಂದೂ ನಿರ್ವಹಿಸುತ್ತವೆ. ಇದರ ಗರಿಷ್ಠ ದಕ್ಷತೆ ಶೇಕಡಾ 78.5. ಆದರೆ ಒಂದರಿಂದ ಇನ್ನೊಂದಕ್ಕೆ ಕೆಲಸ ದಾಟುವ ಕ್ಷಣದಲ್ಲಿ ಸಣ್ಣ ವಿರೂಪ ಹುಟ್ಟುವುದರಿಂದ ಎರಡರ ಗುಣವನ್ನು ಬೆರೆಸಿದ ‘ಎಬಿ’ ವರ್ಗವೇ ಮನೆಗಳಲ್ಲಿ ಹೆಚ್ಚು ಬಳಕೆಗೆ ಬಂತು. ‘ಡಿ’ ವರ್ಗದಲ್ಲಿ ಸಾಧನಗಳು ಅತಿ ವೇಗದ ಸ್ವಿಚ್ಚುಗಳಂತೆ ಕೆಲಸ ಮಾಡುತ್ತವೆ. ಇದರ ದಕ್ಷತೆ ಶೇಕಡಾ 90ನ್ನು ದಾಟಬಲ್ಲದು.

ಕಿವಿ ತಪ್ಪುವ ಬಗೆಗಳು

ಶ್ರವಣ ಪರೀಕ್ಷೆಯ ಅತಿ ದೊಡ್ಡ ಶತ್ರು ಶಬ್ದದ ಮಟ್ಟದ ವ್ಯತ್ಯಾಸ. ಎರಡು ಯಂತ್ರಗಳಲ್ಲಿ ಒಂದು ಒಂದು ಡೆಸಿಬೆಲ್‌ಗಿಂತಲೂ ಕಡಿಮೆ ಪ್ರಮಾಣದಲ್ಲಿ ಜೋರಾಗಿದ್ದರೆ ಕೇಳುಗರಿಗೆ ಅದು ಜೋರು ಎಂದು ತೋರುವುದಿಲ್ಲ. ಹೆಚ್ಚು ಸ್ಪಷ್ಟ, ಹೆಚ್ಚು ಆಳ, ಹೆಚ್ಚು ಜೀವಂತ ಎಂದು ತೋರುತ್ತದೆ. ಶಬ್ದದ ಮಟ್ಟ ಏರಿದಂತೆ ತಗ್ಗು ಸ್ವರಗಳು ಕಿವಿಗೆ ಹೆಚ್ಚು ತುಂಬಿ ಕೇಳುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ತೋರಿಸಿದ್ದರು. ಆದ್ದರಿಂದ ಹೋಲಿಕೆಗೆ ಮೊದಲು ಎರಡೂ ಯಂತ್ರಗಳ ಮಟ್ಟವನ್ನು ವೋಲ್ಟ್‌ಮೀಟರಿನಿಂದ ಅಳೆದು 0.1 ಡೆಸಿಬೆಲ್‌ನೊಳಗೆ ಸರಿಹೊಂದಿಸುವುದು ವಾಡಿಕೆ.

ಎರಡನೆಯದು ನೆನಪು. ನಾದದ ಸೂಕ್ಷ್ಮ ವಿವರಗಳು ಕೆಲವೇ ಕ್ಷಣಗಳಲ್ಲಿ ಮನಸ್ಸಿನಿಂದ ಮಾಸುತ್ತವೆ. ಕಳೆದ ವಾರ ಕೇಳಿದ ಯಂತ್ರವನ್ನು ಇಂದು ಕೇಳಿದ್ದರೊಡನೆ ಹೋಲಿಸುವುದು ಬಹುಮಟ್ಟಿಗೆ ಊಹೆ. ಮೂರನೆಯದು ನಿರೀಕ್ಷೆ. ಬೆಲೆ, ತೂಕ, ದಪ್ಪ ಲೋಹದ ಮುಖಫಲಕ, ವಾಲ್ವುಗಳ ಕೆಂಪು ಬೆಳಕು ಇವೆಲ್ಲವೂ ಸಂಗೀತ ಆರಂಭವಾಗುವ ಮೊದಲೇ ಮನಸ್ಸನ್ನು ಸಿದ್ಧಗೊಳಿಸುತ್ತವೆ. ಇದು ಕೇಳುಗರ ಅಪ್ರಾಮಾಣಿಕತೆಯಲ್ಲ, ಮನಸ್ಸಿನ ಸಹಜ ಧರ್ಮ.

ಹೊಸ ಯಂತ್ರವು ನೂರಾರು ಗಂಟೆ ನುಡಿದ ಮೇಲೆ ಪಳಗುತ್ತದೆ ಎಂಬ ಮಾತೂ ಪ್ರಚಾರದಲ್ಲಿದೆ. ವಾಲ್ವ್ ಯಂತ್ರಗಳು ಬಿಸಿಯಾಗಿ ಸ್ಥಿರಗೊಳ್ಳಲು ಸ್ವಲ್ಪ ಸಮಯ ಬೇಕೆಂಬುದು ನಿಜ. ಆದರೆ ವಾರಗಟ್ಟಲೆ ಕೇಳಿದ ಮೇಲೆ ಪಳಗುವುದು ಯಂತ್ರಕ್ಕಿಂತ ಹೆಚ್ಚಾಗಿ ಕೇಳುಗರ ಕಿವಿಯೇ ಇರಬಹುದು.

ತೆರೆಮರೆಯ ಪರೀಕ್ಷೆ

ಯಾವ ಯಂತ್ರ ನುಡಿಯುತ್ತಿದೆ ಎಂಬುದನ್ನು ಕೇಳುಗರಿಗೆ ತಿಳಿಸದೆ ನಡೆಸುವುದು ತೆರೆಮರೆಯ ಪರೀಕ್ಷೆ. ಇದರ ಪ್ರಸಿದ್ಧ ರೂಪ ‘ಎಬಿಎಕ್ಸ್’. ಕೇಳುಗರು ‘ಎ’ ಮತ್ತು ‘ಬಿ’ ಯಂತ್ರಗಳನ್ನು ಕೇಳಿದ ಮೇಲೆ ‘ಎಕ್ಸ್’ ಅವೆರಡರಲ್ಲಿ ಯಾವುದೆಂದು ಹೇಳಬೇಕು. ಇದನ್ನು ಹಲವು ಬಾರಿ ಪುನರಾವರ್ತಿಸಲಾಗುತ್ತದೆ. ಉತ್ತರಗಳು ಅರ್ಧದಷ್ಟು ಮಾತ್ರ ಸರಿಯಾದರೆ ಅದು ನಾಣ್ಯ ಚಿಮ್ಮಿ ಹೇಳಿದ್ದಕ್ಕೆ ಸಮ.

ಅಮೆರಿಕದ ‘ಸ್ಟೀರಿಯೋ ರಿವ್ಯೂ’ ಪತ್ರಿಕೆ 1987ರ ಜನವರಿಯಲ್ಲಿ ಇಂತಹ ಒಂದು ಪರೀಕ್ಷೆಯ ವರದಿಯನ್ನು ಪ್ರಕಟಿಸಿತು. ಅದರಲ್ಲಿ ಸುಮಾರು 200 ಡಾಲರಿನ ಸಾಮಾನ್ಯ ಯಂತ್ರದಿಂದ 12,000 ಡಾಲರಿನ ವಾಲ್ವ್ ಯಂತ್ರದವರೆಗೆ ಆರು ಬಗೆಯ ಆಂಪ್ಲಿಫೈಯರುಗಳಿದ್ದವು. ಕೇಳುಗರ ಒಟ್ಟು ಉತ್ತರಗಳು ಊಹೆಯ ಮಟ್ಟವನ್ನು ಮೀರಲಿಲ್ಲ. ಇದಕ್ಕೆ ಆಕ್ಷೇಪಗಳೂ ಬಂದವು. ಪರೀಕ್ಷೆಯ ಒತ್ತಡದಲ್ಲಿ ತುಣುಕು ಸಂಗೀತ ಕೇಳುವುದು ಮನೆಯಲ್ಲಿ ನೆಮ್ಮದಿಯಿಂದ ಕೇಳಿದಂತಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದುದು.

ನಿಜವಾಗಿ ಕೇಳಿಸುವ ವ್ಯತ್ಯಾಸಗಳು

ಎಲ್ಲ ಆಂಪ್ಲಿಫೈಯರುಗಳೂ ಒಂದೇ ಎಂಬುದು ಇದರ ಅರ್ಥವಲ್ಲ. ಶಕ್ತಿ ಸಾಲದ ಯಂತ್ರವನ್ನು ಮಿತಿಮೀರಿ ನುಡಿಸಿದರೆ ಅಲೆಯ ತುದಿ ಕತ್ತರಿಸಿ ಕರ್ಕಶವಾಗುತ್ತದೆ. ಕೆಲವು ವಾಲ್ವ್ ಆಂಪ್ಲಿಫೈಯರುಗಳ ಹೊರತುದಿಯ ಇಂಪಿಡೆನ್ಸ್ ಹೆಚ್ಚಿರುವುದರಿಂದ ಸ್ಪೀಕರಿಗೆ ತಕ್ಕಂತೆ ಕೆಲವು ಸ್ವರಗಳು ಏರಿಯೂ ಕೆಲವು ತಗ್ಗಿಯೂ ಕೇಳುತ್ತವೆ. ‘ವಾಲ್ವಿನ ಸವಿ’ ಎಂದು ಕರೆಯುವುದರ ಒಂದು ಭಾಗ ಇದೇ. ಅದು ಹಿತವಾಗಿರಬಹುದು, ಆದರೆ ಮೂಲಕ್ಕೆ ನಿಷ್ಠವಲ್ಲ. ಹಿಂದಿನಿಂದ ಬರುವ ಗುಂಯ್ ಸದ್ದು ಮತ್ತು ಹಿಸ್ಸೆಂಬ ಸದ್ದು ಕೂಡ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತವೆ. ಶಕ್ತಿಯ ಅಂಕಿ ಮಾತ್ರ ಕೊಳ್ಳುಗರನ್ನು ಸುಲಭವಾಗಿ ದಾರಿ ತಪ್ಪಿಸುತ್ತದೆ. 50 ವ್ಯಾಟಿನಿಂದ 100 ವ್ಯಾಟಿಗೆ ಏರಿದರೆ ದೊರೆಯುವುದು 3 ಡೆಸಿಬೆಲ್ ಮಾತ್ರ. ಶಬ್ದ ಎರಡರಷ್ಟು ಜೋರೆನಿಸಲು ಸುಮಾರು ಹತ್ತರಷ್ಟು ವ್ಯಾಟ್ ಬೇಕು.

ಕರ್ನಾಟಕ ಸಂಗೀತದ ಮಾದರಿಗಳು

ಶ್ರವಣ ಪರೀಕ್ಷೆಗೆ ಕೇಳುಗರು ಎದುರಿನಲ್ಲಿ ಕೂತು ಕೇಳಿ ಬಲ್ಲ ವಾದ್ಯಗಳ ಧ್ವನಿಮುದ್ರಣವೇ ಉತ್ತಮ. ತಂಬೂರಿ ಮತ್ತು ವೀಣೆಗಳ ಕುದುರೆಯ ರಚನೆಯಿಂದ ಉಪಸ್ವರಗಳು ಹೇಗೆ ಸಮೃದ್ಧವಾಗುತ್ತವೆ ಎಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲಿ ವಿವರಿಸಿದ್ದರು. ಈ ಸಮೃದ್ಧಿಯೇ ಪರೀಕ್ಷೆಗೆ ತೊಡಕೂ ಹೌದು. ಆಂಪ್ಲಿಫೈಯರು ತಾನಾಗಿ ಸೇರಿಸುವ ಉಪಸ್ವರಗಳು ತಂಬೂರಿಯ ಉಪಸ್ವರಗಳ ನಡುವೆ ಅಡಗಿಬಿಡುತ್ತವೆ. ಆದರೆ ಗುಂಯ್ ಸದ್ದನ್ನು ಗುರುತಿಸಲು ತಂಬೂರಿ ಅನುಕೂಲ. ಗಾಯಕರ ಷಡ್ಜ ಸುಮಾರು 131 ಹರ್ಟ್ಸ್ ಇದ್ದರೆ ತಂಬೂರಿಯ ಮಂದ್ರ ಪಂಚಮ 98 ಹರ್ಟ್ಸ್ ಆಗುತ್ತದೆ. ಭಾರತದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದಕಾರಣ ದೋಷವುಳ್ಳ ಯಂತ್ರದ ಗುಂಯ್ ಸದ್ದು ಬಹುಪಾಲು 100 ಹರ್ಟ್ಸಿನಲ್ಲಿ ಕೇಳುತ್ತದೆ. ಎರಡೂ ಸೇರಿದಾಗ ಸೆಕೆಂಡಿಗೆ ಸುಮಾರು ಎರಡು ಬಾರಿ ನಾದ ಅಲುಗಿದಂತಾಗಿ ಶ್ರುತಿ ಕೆಟ್ಟಂತೆ ಅನಿಸುತ್ತದೆ.

ವೀಣೆಯ ಒಂದು ಮೀಟು ನಿಧಾನವಾಗಿ ಕ್ಷೀಣಿಸುವ ಹೊತ್ತು ಇನ್ನೊಂದು ಒಳ್ಳೆಯ ಒರೆಗಲ್ಲು. ದಾಟುವಿಕೆಯ ವಿರೂಪ ಜೋರು ಸಂಗೀತದಲ್ಲಿ ಮುಚ್ಚಿಹೋಗಿ ಸಣ್ಣ ನಾದದಲ್ಲಿಯೇ ಬಯಲಾಗುತ್ತದೆ. ಗಮಕದ ಕೊನೆಯ ಎಳೆ ಮೌನದಲ್ಲಿ ಸಹಜವಾಗಿ ಲೀನವಾಗುತ್ತದೆಯೋ ಅಥವಾ ಒರಟಾಗಿ ನಿಂತುಬಿಡುತ್ತದೆಯೋ ಎಂಬುದನ್ನು ಗಮನಿಸಬೇಕು. ಮೃದಂಗದ ಎಡಗಡೆಯ ಗುಂಕಿ ಸ್ಪೀಕರಿನ ಮೇಲೆ ಆಂಪ್ಲಿಫೈಯರಿಗಿರುವ ಹಿಡಿತವನ್ನು ತಿಳಿಸುತ್ತದೆ.

ಕೋಣೆ ಮತ್ತು ವಿದ್ಯುತ್ತು

ಕೇಳಿಸುವ ನಾದದಲ್ಲಿ ಆಂಪ್ಲಿಫೈಯರಿನ ಪಾಲಿಗಿಂತ ಸ್ಪೀಕರಿನ ಹಾಗೂ ಕೋಣೆಯ ಪಾಲು ಬಹಳ ದೊಡ್ಡದು. ತುಮಕೂರು ಜಿಲ್ಲೆಯ ಮಾಯಸಂದ್ರ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಭಾಗದ ತೆಂಗಿನ ಸೀಮೆಯನ್ನೇ ಉದಾಹರಣೆಯಾಗಿ ನೋಡಬಹುದು. ಇಲ್ಲಿ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ರಾಶಿ ಹಾಕಿ ಒಣಗಿಸುವ ರೂಢಿಯಿದೆ. ಹೆಂಚಿನ ಮಾಡು, ಮರದ ತೊಲೆ, ಕಾಯಿ ತುಂಬಿದ ಅಟ್ಟಗಳಿರುವ ಹಳೆಯ ಮನೆಯಲ್ಲಿ ಏರುತಗ್ಗಿನ ಮೇಲ್ಮೈಗಳು ನಾದವನ್ನು ಹಲವು ದಿಕ್ಕಿಗೆ ಚದುರಿಸುತ್ತವೆ. ಕಾಂಕ್ರೀಟಿನ ಚಾವಣಿ ಮತ್ತು ನುಣುಪು ಟೈಲ್ಸಿನ ನೆಲವಿರುವ ಹೊಸ ಮನೆಯಲ್ಲಿ ಅದೇ ನಾದ ಸಮಾನಾಂತರ ಮೇಲ್ಮೈಗಳ ನಡುವೆ ಪುಟಿದು ಗಡಸಾಗುತ್ತದೆ. ಹಳೆಯ ಮನೆಯಿಂದ ಹೊಸ ಮನೆಗೆ ಹೋದ ಯಂತ್ರ ಕೆಟ್ಟಿತೆಂದು ತೋರಿದರೆ ಕೆಟ್ಟದ್ದು ಯಂತ್ರವಲ್ಲದಿರಬಹುದು. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಇವು ಹೆಚ್ಚು ಬೆಲೆಯ ಆಂಪ್ಲಿಫೈಯರಿಗಿಂತ ಹೆಚ್ಚಿನ ಸುಧಾರಣೆ ತರಬಲ್ಲವು.

ಮನೆಗೂ ತೋಟದ ಪಂಪ್‌ಸೆಟ್ಟಿಗೂ ಒಂದೇ ಮಾರ್ಗದಲ್ಲಿ ವಿದ್ಯುತ್ತು ಹರಿಯುವ ಕಡೆ ಮೋಟಾರುಗಳು ಓಡುವಾಗ ವೋಲ್ಟೇಜು ಇಳಿಯಬಹುದು. 230 ವೋಲ್ಟು 207ಕ್ಕೆ ಇಳಿದರೆ, ಸ್ಥಿರೀಕರಣವಿಲ್ಲದ ಸಾಮಾನ್ಯ ಆಂಪ್ಲಿಫೈಯರಿನ ಗರಿಷ್ಠ ಶಕ್ತಿ ಸುಮಾರು ಶೇಕಡಾ 19ರಷ್ಟು ತಗ್ಗುತ್ತದೆ. ಕಿವಿಗೆ ಇದು ಒಂದು ಡೆಸಿಬೆಲ್‌ಗಿಂತಲೂ ಕಡಿಮೆ. ಸಾಧಾರಣ ಮಟ್ಟದಲ್ಲಿ ಕೇಳುವವರಿಗೆ ಇದು ತಿಳಿಯುವುದೇ ಇಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಬರುವ ಗುಂಯ್ ಸದ್ದು ಇದಕ್ಕಿಂತ ದೊಡ್ಡ ತೊಂದರೆ. ಅರ್ಥಿಂಗ್ ಇಲ್ಲದ ಲೋಹದ ಯಂತ್ರ ಅಪಾಯಕಾರಿಯೂ ಹೌದು.

ಕರ್ನಾಟಕದಲ್ಲಿ

ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಅವರು 1935ರಲ್ಲಿ 30 ವ್ಯಾಟಿನ ಪ್ರೇಷಕದಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ಇಂದು ಅನೇಕ ಗೃಹಬಳಕೆಯ ಆಂಪ್ಲಿಫೈಯರುಗಳ ಶಕ್ತಿ ಇದಕ್ಕಿಂತ ಹೆಚ್ಚು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು. ‘ಬಿಇಎಲ್’ ಮುದ್ರೆಯ ಇಎಲ್84, ಇಸಿಸಿ83 ಮೊದಲಾದ ವಾಲ್ವುಗಳನ್ನು ವಾಲ್ವ್ ಆಂಪ್ಲಿಫೈಯರುಗಳ ಆಸಕ್ತರು ಈಗಲೂ ಹುಡುಕಿ ಕೊಳ್ಳುತ್ತಾರೆ.

ನಂಬಲರ್ಹ ವರದಿಯ ಲಕ್ಷಣಗಳು

ಒಳ್ಳೆಯ ಶ್ರವಣ ವರದಿಯಲ್ಲಿ ಬಳಸಿದ ಸ್ಪೀಕರು, ಕೋಣೆಯ ಅಳತೆ ಮತ್ತು ಸ್ವರೂಪ, ಕೇಳಿದ ಧ್ವನಿಮುದ್ರಣಗಳು, ಹೋಲಿಕೆಗೆ ಬಳಸಿದ ಯಂತ್ರ, ಶಬ್ದದ ಮಟ್ಟವನ್ನು ಸರಿಹೊಂದಿಸಿದ ಬಗೆ ಇವಿಷ್ಟೂ ಇರಬೇಕು. ಯಂತ್ರದ ಹೆಸರು ತಿಳಿದು ಕೇಳಿದ್ದೋ ತಿಳಿಯದೆ ಕೇಳಿದ್ದೋ ಎಂಬುದನ್ನು ಹೇಳಬೇಕು. ಯಂತ್ರವು ಸ್ವಂತದ್ದೋ, ಮಾರುವವರು ಕೊಟ್ಟದ್ದೋ ಎಂಬುದೂ ತಿಳಿದಿರಬೇಕು. ‘ಮಧುರ’, ‘ಬೆಚ್ಚಗಿನ’, ‘ಗಾಳಿಯಾಡುವ’ ಎಂಬ ವಿಶೇಷಣಗಳು ಇಂತಹ ವಿವರಗಳ ಜೊತೆಗಿದ್ದಾಗ ಮಾತ್ರ ಓದುಗರಿಗೆ ಉಪಯುಕ್ತ. ಸಾಧ್ಯವಿದ್ದಲ್ಲಿ ಯಂತ್ರವನ್ನು ಕೆಲವು ದಿನಗಳ ಮಟ್ಟಿಗೆ ತಂದು, ಸ್ವಂತ ಸ್ಪೀಕರಿಗೆ ಜೋಡಿಸಿ, ಮನೆಯವರೊಬ್ಬರಿಂದ ಮರೆಯಲ್ಲಿ ಬದಲಾಯಿಸಿ ಕೇಳುವುದು ಕೊಳ್ಳುಗರಿಗೆ ಲಭ್ಯವಿರುವ ಅತ್ಯಂತ ಸರಳ ಪರೀಕ್ಷೆ. ಇದಕ್ಕೆ ಒಂದು ವೋಲ್ಟ್‌ಮೀಟರು, ಒಂದು ಪರದೆ ಮತ್ತು ಒಂದಿಷ್ಟು ತಾಳ್ಮೆ ಸಾಕು.