ಮುಷ್ಟಿಕಾಳಗದಲ್ಲಿ ಕಾಲವು ಯಾರ ಕಡೆಗೆ?

ಕರ್ನಾಟಕದ ರಾಹುಲ್ ದ್ರಾವಿಡರನ್ನು ಕ್ರಿಕೆಟ್ ರಸಿಕರು ‘ಗೋಡೆ’ ಎಂದು ಕರೆದುದನ್ನು ನಾವೆಲ್ಲ ಬಲ್ಲೆವು. ಐದು ದಿನಗಳ ಟೆಸ್ಟ್ ಪಂದ್ಯಗಳಲ್ಲಿ ಅವರು 31,258 ಚೆಂಡುಗಳನ್ನು ಎದುರಿಸಿ 13,288 ರನ್ನುಗಳನ್ನು ಗಳಿಸಿದರು. ಇಪ್ಪತ್ತು ಓವರುಗಳ ಅಂತರರಾಷ್ಟ್ರೀಯ ಪಂದ್ಯವನ್ನಾದರೋ ಅವರು ಆಡಿದ್ದು ಒಂದೇ ಒಂದು, ಅದೂ 2011ರಲ್ಲಿ. ಪಂದ್ಯದ ಅವಧಿ ಬದಲಾದರೆ ರಕ್ಷಣೆಯ ಬೆಲೆಯೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ಇದೇ ಪ್ರಶ್ನೆಯನ್ನು ಮುಷ್ಟಿಕಾಳಗಕ್ಕೆ, ಎಂದರೆ ಬಾಕ್ಸಿಂಗಿಗೆ, ಹಾಕಿ ನೋಡೋಣ. ಒಲಿಂಪಿಕ್ಸಿನಲ್ಲಿ ಕಾಳಗವು ಮೂರು ಮೂರು ನಿಮಿಷಗಳ ಮೂರು ಸುತ್ತುಗಳಲ್ಲಿ ಮುಗಿಯುತ್ತದೆ. ವೃತ್ತಿಪರ ಪುರುಷರ ಪ್ರಶಸ್ತಿ ಕಾಳಗ ಹನ್ನೆರಡು ಸುತ್ತುಗಳದು. ಹಿಂದೆ ಅದು ಹದಿನೈದು ಸುತ್ತುಗಳಷ್ಟಿತ್ತು. ತಾನು ಹೊಡೆಯುವುದಕ್ಕಿಂತ ಹೊಡೆತ ತಪ್ಪಿಸಿಕೊಳ್ಳುವುದರಲ್ಲೇ ನಿಪುಣನಾದ ಮುಷ್ಟಿಪಟುವಿಗೆ ದೀರ್ಘವಾದ ಕಾಳಗ ಹಿತವೋ, ಅಹಿತವೋ?

ಮೊದಲು ಒಂದು ಸರಳವಾದ ಲೆಕ್ಕ. ನಮ್ಮ ರಕ್ಷಣಾಪಟು ಎದುರಾಳಿಗಿಂತ ತುಸು ಮೇಲು. ಅವನು ಯಾವುದೇ ಒಂದು ಸುತ್ತನ್ನು ಗೆಲ್ಲುವ ಸಂಭಾವ್ಯತೆ ನೂರಕ್ಕೆ 55 ಎಂದಿಟ್ಟುಕೊಳ್ಳೋಣ. ಹೆಚ್ಚು ಸುತ್ತುಗಳನ್ನು ಗೆದ್ದವನಿಗೆ ಜಯ. ಆಗ ಮೂರು ಸುತ್ತುಗಳ ಕಾಳಗದಲ್ಲಿ ಅವನು ಗೆಲ್ಲುವ ಸಂಭಾವ್ಯತೆ 57.5. ಹದಿನೈದು ಸುತ್ತುಗಳಾದರೆ ಅದು 65.4ಕ್ಕೆ ಏರುತ್ತದೆ. ಕಾರಣ ಸ್ಪಷ್ಟ. ಎರಡು ಮೂರು ಸಲ ಕವಡೆ ಎಸೆದರೆ ಅದೃಷ್ಟವೇ ರಾಜ; ನೂರಾರು ಸಲ ಎಸೆದರೆ ಕವಡೆಯ ನಿಜಗುಣ ತಾನಾಗಿ ಹೊರಬೀಳುತ್ತದೆ. ಅಂತೆಯೇ ಸುತ್ತುಗಳು ಹೆಚ್ಚಿದಷ್ಟೂ ಆಕಸ್ಮಿಕದ ಪಾಲು ಕುಗ್ಗಿ, ಕೌಶಲದ ಪಾಲು ಹಿಗ್ಗುತ್ತದೆ.

ಆದರೆ ಮುಷ್ಟಿಕಾಳಗದಲ್ಲಿ ಇನ್ನೊಂದು ತೊಡಕುಂಟು. ಹನ್ನೆರಡು ಸುತ್ತುಗಳನ್ನು ಗೆದ್ದವನೂ ಹದಿಮೂರನೆಯದರಲ್ಲಿ ಒಂದು ಪೆಟ್ಟಿಗೆ ನೆಲಕ್ಕುರುಳಿ ಏಳದಿದ್ದರೆ ಸೋತಂತೆಯೇ. ಪ್ರತಿ ಸುತ್ತಿನಲ್ಲಿಯೂ ಹೀಗೆ ಉರುಳುವ ಅಪಾಯ ನೂರಕ್ಕೆ 2 ಎಂದೂ, ಎದುರಾಳಿ ಮಾತ್ರ ಎಂದೂ ಉರುಳುವುದಿಲ್ಲವೆಂದೂ ಭಾವಿಸೋಣ. ಮೂರು ಸುತ್ತುಗಳ ಕೊನೆಯವರೆಗೆ ನಮ್ಮವನು ನಿಂತಿರುವ ಸಂಭಾವ್ಯತೆ 94. ಹದಿನೈದು ಸುತ್ತುಗಳಿಗೆ ಅದು 74ಕ್ಕೆ ಇಳಿಯುತ್ತದೆ. ಇದನ್ನು ಹಿಂದಿನ ಲೆಕ್ಕದೊಡನೆ ಗುಣಿಸಿದರೆ ಗೆಲ್ಲುವ ಸಂಭಾವ್ಯತೆ ಮೂರು ಸುತ್ತುಗಳಲ್ಲಿ 54.1, ಹದಿನೈದರಲ್ಲಿ 48.3. ದೀರ್ಘ ಕಾಳಗವು ಅವನ ಪಾಲಿಗೆ ಮುಳುವಾಯಿತು! ಅಪಾಯವು ಸುತ್ತಿಗೆ ಅರ್ಧದಷ್ಟೇ, ಎಂದರೆ 0.5 ಆಗಿದ್ದರೆ, ಉತ್ತರ ತಿರುಗುಮುರುಗು: ಮೂರು ಸುತ್ತುಗಳಲ್ಲಿ 56.6, ಹದಿನೈದರಲ್ಲಿ 60.6. ಈ ಎರಡರ ನಡುವಣ ಗಡಿ ಸುಮಾರು ನೂರಕ್ಕೆ ಒಂದು. ರಕ್ಷಣೆ ಈ ಗಡಿಗಿಂತ ಬಿಗಿಯಾಗಿದ್ದರೆ ಕಾಲವು ಮಿತ್ರ. ಸಡಿಲವಾಗಿದ್ದರೆ ಕಾಲವೇ ಶತ್ರು.

ಹಾಗಾದರೆ ರಕ್ಷಣೆಯನ್ನು ಬಿಗಿಗೊಳಿಸುವುದು ಹೇಗೆ? ಸುರತ್ಕಲ್ಲಿನಿಂದ ಮುಕ್ಕದತ್ತ ಸಾಗುವ ಕಡಲ ದಂಡೆಯಲ್ಲಿ ಕಡಲ್ಕೊರೆತವನ್ನು ತಡೆಯಲೆಂದು ಕರಿಯ ಬಂಡೆಗಳನ್ನು ರಾಶಿ ಹಾಕಿರುವುದನ್ನು ಓದುಗರಲ್ಲಿ ಹಲವರು ಕಂಡಿರಬಹುದು. ಅವು ಅಲೆಗೆ ಎದೆಯೊಡ್ಡಿ ನೆಟ್ಟಗೆ ನಿಲ್ಲುವ ಗೋಡೆಯಲ್ಲ. ಅಲೆಯು ಬಂಡೆಗಳ ಸಂದುಗಳೊಳಗೆ ನುಗ್ಗಿ, ಒಡೆದು, ತಡವಾಗಿ ಶಕ್ತಿಗುಂದುತ್ತದೆ. ಮುಷ್ಟಿಪಟುವಿನ ರಹಸ್ಯವೂ ಇದೇ. ಬೀಸಿ ಬಂದ ಮುಷ್ಟಿಯ ಸಂವೇಗವನ್ನು ಹೀರುವ ಕಾಲ ಇಮ್ಮಡಿಯಾದರೆ ಸರಾಸರಿ ಬಲ ಅರ್ಧಕ್ಕಿಳಿಯುತ್ತದೆ. ಪೆಟ್ಟಿನ ಜೊತೆಜೊತೆಗೇ ತಲೆಯನ್ನು ಹಿಂದಕ್ಕೆ ಸರಿಸುವವನು ಈ ನಿಯಮವನ್ನು ಓದದೆಯೂ ಪಾಲಿಸುತ್ತಾನೆ. ಪೆಟ್ಟು ತಪ್ಪಿದರೆ ಎದುರಾಳಿಗೆ ಇನ್ನೊಂದು ನಷ್ಟವುಂಟು: ಗಾಳಿಯಲ್ಲಿ ಬೀಸಿದ ತೋಳನ್ನು ಅವನ ಸ್ನಾಯುಗಳೇ ತಡೆದು ನಿಲ್ಲಿಸಬೇಕು. ಹೀಗೆ ಒಂದೊಂದು ವ್ಯರ್ಥ ಹೊಡೆತವೂ ಅವನನ್ನೇ ದಣಿಸುತ್ತದೆ.

ಆದ್ದರಿಂದ ಅಪಾಯವು ಎಲ್ಲ ಸುತ್ತುಗಳಲ್ಲಿಯೂ ಒಂದೇ ಎಂದ ನಮ್ಮ ಲೆಕ್ಕವನ್ನು ತಿದ್ದಬೇಕಾಗುತ್ತದೆ. 1974ರ ಅಕ್ಟೋಬರ್ 30ರಂದು ಕಿನ್ಶಾಸಾ ನಗರದಲ್ಲಿ ಮುಹಮ್ಮದ್ ಅಲಿಯು ಬಲಶಾಲಿ ಜಾರ್ಜ್ ಫೋರ್ಮನ್ನನ ಎದುರು ಅಖಾಡದ ಹಗ್ಗಗಳಿಗೆ ಒರಗಿ ನಿಂತು, ಹೊಡೆತಗಳನ್ನು ತೋಳುಗಳ ಮೇಲೆ ತಾಳಿಕೊಂಡ. ಬಾಗುವ ಹಗ್ಗ ಅವನಿಗೆ ಬಂಡೆಗಳ ಸಂದಿನಂತೆ ನೆರವಾಯಿತು. ಹದಿನೈದು ಸುತ್ತುಗಳಿಗೆ ಗೊತ್ತಾಗಿದ್ದ ಆ ಕಾಳಗದ ಎಂಟನೆಯ ಸುತ್ತಿನಲ್ಲಿ, ಬಳಲಿದ ಫೋರ್ಮನ್ನನನ್ನು ಅಲಿ ಉರುಳಿಸಿದ. ಮೂರೇ ಸುತ್ತುಗಳ ಕಾಳಗದಲ್ಲಿ ಈ ಉಪಾಯಕ್ಕೆ ಎಡೆಯೇ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಕಥೆ 1941ರ ಜೂನ್ 18ರದು. ನ್ಯೂಯಾರ್ಕಿನಲ್ಲಿ ಬಿಲ್ಲಿ ಕಾನ್ ಎಂಬ ಹಗುರ ಮೈಯ ಚತುರನು ಜೋ ಲೂಯಿಯ ಪ್ರಚಂಡ ಪೆಟ್ಟುಗಳಿಂದ ನುಣುಚಿಕೊಳ್ಳುತ್ತ, ಹನ್ನೆರಡು ಸುತ್ತುಗಳ ಕೊನೆಗೆ ಮೂವರು ನಿರ್ಣಾಯಕರಲ್ಲಿ ಇಬ್ಬರ ಲೆಕ್ಕದಲ್ಲಿ ಮುಂದಿದ್ದ. ಹದಿಮೂರನೆಯದರಲ್ಲಿ ತಾನೇ ಎದುರಾಳಿಯನ್ನು ಉರುಳಿಸಹೋಗಿ ರಕ್ಷಣೆಯನ್ನು ಸಡಿಲಿಸಿದ. ಆ ಸುತ್ತು ಮುಗಿಯಲು ಎರಡೇ ಸೆಕೆಂಡುಗಳಿರುವಾಗ ಅವನ ಕಾಳಗವೇ ಮುಗಿದಿತ್ತು. ಇಂದಿನ ಹನ್ನೆರಡು ಸುತ್ತುಗಳ ನಿಯಮ ಅಂದಿದ್ದರೆ ಅವನೇ ವಿಜಯಿ. ಕಾಲವು ಎದುರಾಳಿಯನ್ನು ಬಳಲಿಸುವಂತೆಯೇ, ರಕ್ಷಕನ ಕಾಲನ್ನೂ, ತಾಳ್ಮೆಯನ್ನೂ ಸವೆಸುತ್ತದೆ.

ಇಷ್ಟಕ್ಕೂ ಸುತ್ತುಗಳನ್ನು ಕಡಿತಗೊಳಿಸಿದ್ದು ಗೆಲುವು ಸೋಲುಗಳ ನ್ಯಾಯಕ್ಕಾಗಿ ಅಲ್ಲ. 1982ರ ನವೆಂಬರ್ 13ರಂದು ಲಾಸ್ ವೇಗಾಸಿನಲ್ಲಿ ಕೊರಿಯದ ಡುಕ್ ಕೂ ಕಿಮ್ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದವನು ಕೆಲವೇ ದಿನಗಳಲ್ಲಿ ಮೃತನಾದ. ಆ ಬಳಿಕ ವಿಶ್ವ ಬಾಕ್ಸಿಂಗ್ ಮಂಡಲಿಯು ಹದಿನೈದನ್ನು ಹನ್ನೆರಡಕ್ಕೆ ಇಳಿಸಿತು. ಉಳಿದ ಸಂಸ್ಥೆಗಳು ಕೆಲವು ವರ್ಷಗಳಲ್ಲಿ ಅದನ್ನೇ ಅನುಸರಿಸಿದವು. ನಮ್ಮ ಬೆಂಗಳೂರಿನಲ್ಲಿಯೇ 2022ರ ಜುಲೈಯಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಏಟು ತಿಂದ ಮೈಸೂರಿನ ತರುಣನೊಬ್ಬ ಬದುಕಿ ಉಳಿಯಲಿಲ್ಲ. ನಿರ್ಣಾಯಕರ ಚೀಟಿಯಲ್ಲಿ ಸುತ್ತು ಮುಗಿದೊಡನೆ ಲೆಕ್ಕವೂ ಮುಗಿಯುತ್ತದೆ, ಮಿದುಳಿನಲ್ಲಿ ಹಾಗಲ್ಲ. ಪ್ರಜ್ಞೆ ತಪ್ಪಿಸದ ಪೆಟ್ಟುಗಳೂ ಅಲ್ಲಿ ವರ್ಷಾನುಗಟ್ಟಲೆ ಸಂಚಯವಾಗುತ್ತವೆಂದು ವೈದ್ಯರು ಕಂಡುಕೊಂಡಿದ್ದಾರೆ.

ಈ ದೃಷ್ಟಿಯಿಂದ ನೋಡಿದಾಗ, ಪೆಟ್ಟು ತಪ್ಪಿಸಿಕೊಳ್ಳುವವನನ್ನು ಅಳುಕಿನವನೆಂದು ಹೀಯಾಳಿಸುವ ಪ್ರೇಕ್ಷಕನು ತಪ್ಪುತ್ತಾನೆ. ಆ ಪಟುವು ಕಾಯುತ್ತಿರುವುದು ಇಂದಿನ ಕಾಳಗವನ್ನು ಮಾತ್ರವಲ್ಲ, ತನ್ನ ಮುಂದಿನ ನಲವತ್ತು ವರ್ಷಗಳ ನೆನಪನ್ನೂ ಮಾತನ್ನೂ ಕೂಡ. ಎಲ್ಲ ಕಾಳಗಗಳಿಗಿಂತ ದೀರ್ಘವಾದ ಸುತ್ತು ಅದು.