ಕಾರ್ಮಿಕರಿಗೆಂದು ಎದ್ದ ಕಲ್ಲಿನ ಗ್ರಂಥಾಲಯ: ಬ್ರಾಡಕ್‌ನ ಕಾರ್ನೆಗಿ ಕಟ್ಟಡ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್ ನಗರಕ್ಕೆ ಸಮೀಪ, ಮೊನಾಂಗಹೀಲಾ ನದಿಯ ದಡದಲ್ಲಿರುವ ಬ್ರಾಡಕ್, ಉಕ್ಕಿನ ಕಾರ್ಖಾನೆಯನ್ನು ನಂಬಿ ಬೆಳೆದ ಸಣ್ಣ ಊರು. ಉದ್ಯಮಿ ಆಂಡ್ರೂ ಕಾರ್ನೆಗಿಯವರ ದೇಣಿಗೆಯಿಂದ ಜಗತ್ತಿನ ನಾನಾ ಕಡೆ ಎದ್ದ 2,500ಕ್ಕೂ ಹೆಚ್ಚು ಗ್ರಂಥಾಲಯಗಳ ಪೈಕಿ ಅಮೆರಿಕದಲ್ಲಿ ಮೊದಲನೆಯದು 1889ರಲ್ಲಿ ತೆರೆದದ್ದು ಇಲ್ಲಿಯೇ.

ಮೂಲ ಕಟ್ಟಡವನ್ನು ವಿನ್ಯಾಸಗೊಳಿಸಿದವರು ವಾಸ್ತುಶಿಲ್ಪಿ ವಿಲಿಯಂ ಹಾಲ್ಸಿ ವುಡ್. ಯೂರೋಪಿನ ಮಧ್ಯಯುಗದ ಕಟ್ಟಡಗಳನ್ನು ನೆನಪಿಸುವ ಈ ಕಟ್ಟಡದ ನೆಲಮಾಳಿಗೆಯಲ್ಲಿ ಸ್ನಾನಗೃಹವಿತ್ತು; ಪಾಳಿ ಮುಗಿಸಿ ಮಸಿ, ಬೆವರು ಮೆತ್ತಿಕೊಂಡು ಬಂದ ಕಾರ್ಮಿಕರು ಅಲ್ಲಿ ಮೈ ತೊಳೆದುಕೊಂಡು ಮೇಲೆ ಹೋಗಬಹುದಿತ್ತು. 1893ರಲ್ಲಿ ಲಾಂಗ್‌ಫೆಲೋ, ಆಲ್ಡನ್ ಮತ್ತು ಹಾರ್ಲೋ ಸಂಸ್ಥೆ ಸೇರಿಸಿದ ಭಾಗದಲ್ಲಿ 964 ಆಸನಗಳ ಸಂಗೀತ ಸಭಾಂಗಣ, ವ್ಯಾಯಾಮಶಾಲೆ ಮತ್ತು ಈಜುಕೊಳಗಳಿದ್ದವು. ಈ ಭಾಗದ ಶೈಲಿಯನ್ನು ರಿಚರ್ಡ್‌ಸೋನಿಯನ್ ರೋಮನೆಸ್ಕ್ ಎನ್ನುತ್ತಾರೆ. ಅಂದರೆ ಒರಟು ಮುಖದ ಭಾರವಾದ ಕಲ್ಲುಗಳನ್ನೂ ಅಗಲವಾದ ಅರ್ಧವೃತ್ತಾಕಾರದ ಕಮಾನುಗಳನ್ನೂ ಬಳಸಿ ವಾಸ್ತುಶಿಲ್ಪಿ ಹೆನ್ರಿ ಹಾಬ್ಸನ್ ರಿಚರ್ಡ್‌ಸನ್ ರೂಢಿಗೆ ತಂದ ಶೈಲಿ. ಲಾಂಗ್‌ಫೆಲೋ ಮತ್ತು ಆಲ್ಡನ್ ಇಬ್ಬರೂ ಅವರ ಕಚೇರಿಯಲ್ಲಿಯೇ ಪಳಗಿದವರು.

ಇಷ್ಟೆಲ್ಲ ಸೌಕರ್ಯವನ್ನು ಬಳಸಿಕೊಳ್ಳಲು ಕಾರ್ಮಿಕರಿಗೆ ಬಿಡುವು ಎಷ್ಟಿತ್ತು ಎಂಬ ಪ್ರಶ್ನೆಯನ್ನು ಬದಿಗಿಡುವಂತಿಲ್ಲ. ಗ್ರಂಥಾಲಯ ತೆರೆಯುವ ಹಿಂದಿನ ವರ್ಷವಷ್ಟೇ, ಅಂದರೆ 1888ರಲ್ಲಿ, ಇದೇ ಊರಿನಲ್ಲಿದ್ದ ಕಾರ್ನೆಗಿಯವರ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆಯಲ್ಲಿ ಎಂಟು ಗಂಟೆಯ ಪಾಳಿ ರದ್ದಾಗಿ ಹನ್ನೆರಡು ಗಂಟೆಯ ದುಡಿಮೆ ಮರಳಿ ಬಂದಿತ್ತು. ಆದ್ದರಿಂದ ಈ ಕಟ್ಟಡವನ್ನು ದಾನದ ಗುರುತಾಗಿ ಮಾತ್ರವಲ್ಲದೆ, ಆ ದುಡಿಮೆಯ ಚರಿತ್ರೆಯ ಭಾಗವಾಗಿಯೂ ನೋಡಬೇಕಾಗುತ್ತದೆ.

ಮುಂದಿನ ವರ್ಷಗಳಲ್ಲಿ ಕಾರ್ನೆಗಿಯವರ ನೀತಿ ಬದಲಾಯಿತು. ನಿವೇಶನವನ್ನು ಊರೇ ಒದಗಿಸಬೇಕು, ದೇಣಿಗೆಯ ಹತ್ತನೇ ಒಂದು ಪಾಲಿನಷ್ಟು ಹಣವನ್ನು ಪ್ರತಿವರ್ಷ ನಿರ್ವಹಣೆಗೆ ತೆರಿಗೆಯಿಂದ ಕೊಡಬೇಕು ಎಂಬ ಷರತ್ತುಗಳು ರೂಢಿಯಾದವು. ಅವರ ಕಾರ್ಯದರ್ಶಿ ಜೇಮ್ಸ್ ಬರ್ಟ್ರಮ್ 1911ರಲ್ಲಿ ಸಿದ್ಧಪಡಿಸಿದ ಕಿರುಹೊತ್ತಿಗೆ, ಒಬ್ಬರೇ ಗ್ರಂಥಪಾಲಕರು ಇಡೀ ಕೋಣೆಯ ಮೇಲೆ ಕಣ್ಣಿಡಲು ಸಾಧ್ಯವಾಗುವ ಸರಳ ನಕ್ಷೆಗಳನ್ನು ಸೂಚಿಸಿತು. ಗೋಡೆಗುಂಟ ಕಪಾಟು ಇಡಲು ಅನುಕೂಲವಾಗುವಂತೆ ಹಿಂಬದಿಯ ಮತ್ತು ಪಕ್ಕದ ಕಿಟಕಿಗಳು ನೆಲದಿಂದ ಆರೇಳು ಅಡಿ ಮೇಲಿರಬೇಕೆಂದಿತು. ಈ ಮಿತವ್ಯಯದ ಲೆಕ್ಕದಲ್ಲಿ ಈಜುಕೊಳಕ್ಕಾಗಲಿ, ವ್ಯಾಯಾಮಶಾಲೆಗಾಗಲಿ ಎಡೆಯಿರಲಿಲ್ಲ.

ಉಕ್ಕಿನ ಉದ್ಯಮ ಕುಗ್ಗಿ ಊರು ಬಡವಾದಾಗ, 1974ರಲ್ಲಿ ಬ್ರಾಡಕ್‌ನ ಗ್ರಂಥಾಲಯವೂ ಬಾಗಿಲು ಮುಚ್ಚಿತು. ಕಟ್ಟಡ ನೆಲಸಮವಾಗುವ ಭೀತಿ ಎದುರಾದಾಗ ಸ್ಥಳೀಯರೇ ಅದನ್ನು ಉಳಿಸಿಕೊಂಡು, ಕೋಣೆ ಕೋಣೆಯಾಗಿ ಮತ್ತೆ ಬಳಕೆಗೆ ತಂದರು. ಹಳೆಯ ಸ್ನಾನಗೃಹ ಮಣ್ಣಿನ ಪಾತ್ರೆ ತಯಾರಿಸುವ ಕಾರ್ಯಾಗಾರವಾಯಿತು; 2012ರಲ್ಲಿ ಕಟ್ಟಡಕ್ಕೆ ರಾಷ್ಟ್ರೀಯ ಚಾರಿತ್ರಿಕ ಸ್ಮಾರಕದ ಮಾನ್ಯತೆ ದೊರೆಯಿತು. ಓದುವುದಕ್ಕಷ್ಟೇ ಅಲ್ಲದೆ ಮೀಯಲು, ಆಡಲು, ಹಾಡು ಕೇಳಲು ಕೂಡ ಜನ ಬರುತ್ತಾರೆಂದು ಎಣಿಸಿ ಕಟ್ಟಿದ್ದರಿಂದಲೇ, ಕಷ್ಟದ ಕಾಲದಲ್ಲಿ ಊರಿನವರಿಗೆ ಅದನ್ನು ಮತ್ತೆ ಹಲವು ಬಗೆಯಲ್ಲಿ ತಮ್ಮದಾಗಿಸಿಕೊಳ್ಳುವುದು ಸಾಧ್ಯವಾಯಿತು.