ಅಂಗೈಗೆ ಒಗ್ಗುವ ಗೇರ್ ನಾಬ್

1989ರ ಫೆಬ್ರವರಿಯಲ್ಲಿ ಚಿಕಾಗೊ ವಾಹನ ಪ್ರದರ್ಶನದಲ್ಲಿ ಮಾಜ್ದಾ ಕಂಪನಿ ಮಿಯಾಟಾ ಎಂಬ ಪುಟ್ಟ ಕಾರನ್ನು ಜನರ ಮುಂದಿಟ್ಟಿತು. ಎರಡೇ ಸೀಟು, ಮಡಚುವ ಛಾವಣಿ, 1.6 ಲೀಟರ್ ಎಂಜಿನ್, ಐದು ಗೇರು. ಜಪಾನಿನಲ್ಲಿ ಇದೇ ಕಾರು ಯೂನೋಸ್ ರೋಡ್‌ಸ್ಟರ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಮರುವರ್ಷ ಅಲ್ಲಿ ಬಂದ ವಿ-ಸ್ಪೆಷಲ್ ಮಾದರಿಗೆ ಕಡು ಹಸಿರು ಬಣ್ಣ, ಕಂದು ಚರ್ಮದ ಸೀಟುಗಳ ಜೊತೆಗೆ ಇಟಲಿಯ ನಾರ್ಡಿ ಕಂಪನಿಯ ಮರದ ಸ್ಟೀರಿಂಗ್ ಇತ್ತು. ಗೇರ್ ರಾಡಿನ ತುದಿಯಲ್ಲೂ ನುಣುಪಾದ ಮರದ ನಾಬ್.

ಸ್ಟೀರಿಂಗ್ ಬಿಟ್ಟರೆ ಚಾಲಕನ ಕೈ ಹೆಚ್ಚು ಸಲ ಮುಟ್ಟುವುದು ಈ ನಾಬನ್ನೇ. ಮಿಯಾಟಾದಲ್ಲಿ ಗೇರ್ ರಾಡ್ ನೇರವಾಗಿ ಗೇರ್ ಬಾಕ್ಸಿನೊಳಕ್ಕೇ ಇಳಿಯುತ್ತದೆ, ನಡುವೆ ಕೇಬಲ್ಲಿಲ್ಲ. ಒಳಗಿನ ಒಂದೊಂದು ಅಲುಗಾಟವೂ ಅಂಗೈಗೆ ಗೊತ್ತಾಗುತ್ತದೆ. ಮೂವತ್ತು ವರ್ಷದಲ್ಲಿ ಚರ್ಮ ಸವೆದು, ಅಂಕಿ ಅಳಿಸಿಹೋದ ಹಳೆಯ ನಾಬನ್ನು ಬದಲಿಸುವುದು ಈ ಕಾರಿನ ಮಾಲೀಕರು ಕೈಹಾಕುವ ಮೊದಲ ಕೆಲಸಗಳಲ್ಲೊಂದು. ಅಂಗಡಿಯಲ್ಲಿ ಅವರು ಮೊದಲು ನೋಡುವುದು ಬಣ್ಣ. ನೋಡಬೇಕಾದದ್ದು ಥ್ರೆಡ್ಡು, ತೂಕ, ಎತ್ತರ.

ಮಾಜ್ದಾ ರಾಡಿನ ತುದಿ 10 ಮಿಲಿಮೀಟರ್ ದಪ್ಪ, ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ 1.25 ಮಿಲಿಮೀಟರ್. ಹೋಂಡಾ ಕಾರುಗಳದ್ದೂ 10 ಮಿಲಿಮೀಟರೇ, ಆದರೆ ಅಂತರ 1.5. ಕಣ್ಣಿಗೆ ಎರಡೂ ಒಂದೇ. ಹೋಂಡಾ ನಾಬನ್ನು ಮಾಜ್ದಾಕ್ಕೆ ತಿರುಗಿಸಿದರೆ ಒಂದೆರಡು ಸುತ್ತು ಸಲೀಸಾಗಿ ಇಳಿದು ಬಿಗಿಹಿಡಿಯುತ್ತದೆ. ಅಲ್ಲಿ ಬಲ ಹಾಕಿದವರ ಕೈಯಲ್ಲಿ ಉಳಿಯುವುದು ಥ್ರೆಡ್ ಕೆಟ್ಟ ನಾಬ್. ಅದೃಷ್ಟ ಕೆಟ್ಟಿದ್ದರೆ ರಾಡೂ ಹಾಳು. ಎಲ್ಲ ಕಾರಿಗೂ ಹೊಂದುತ್ತದೆ ಎಂದು ಮಾರುವ ನಾಬುಗಳು ಪಕ್ಕದಿಂದ ಒತ್ತುವ ಪುಟ್ಟ ಸ್ಕ್ರೂಗಳನ್ನೇ ನಂಬಿಕೊಂಡಿರುತ್ತವೆ. ಕಂಪನಕ್ಕೆ ಅವು ಸಡಿಲಗೊಳ್ಳುತ್ತವೆ. ಸರಿಯಾದ ಥ್ರೆಡ್ಡಿನದು ಸಿಗುವಾಗ ಇವುಗಳ ತಂಟೆಗೆ ಹೋಗದಿರುವುದೇ ಲೇಸು.

ತೂಕದ ವಿಷಯದಲ್ಲಿ ಕಾರು ಕಟ್ಟುವವರಲ್ಲೇ ಒಮ್ಮತವಿಲ್ಲ. 1970 ಮತ್ತು 71ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಪೋರ್ಷೆ 917ರಲ್ಲಿ ಗ್ರಾಂ ಗ್ರಾಂ ಉಳಿಸಲು ಹಗುರವಾದ ಬಾಲ್ಸಾ ಮರದ ನಾಬ್ ಇತ್ತು. ಆ ನೆನಪಿಗಾಗಿಯೇ ಪೋರ್ಷೆ ತನ್ನ ಕರೇರಾ ಜಿಟಿಗೂ ಮರದ ನಾಬ್ ಕೊಟ್ಟಿತು. ಹೋಂಡಾ 1992ರ ಎನ್‌ಎಸ್‌ಎಕ್ಸ್ ಟೈಪ್ ಆರ್‌ಗೆ ಟೈಟಾನಿಯಂ ಆರಿಸಿತು. ಮಿಯಾಟಾ ಮಾಲೀಕರಲ್ಲಿ ಬಹಳ ಮಂದಿಯದು ತದ್ವಿರುದ್ಧ ದಾರಿ: ಅರ್ಧ ಕಿಲೋ ತೂಗುವ ಉಕ್ಕಿನ ಗುಂಡು.

ಅದಕ್ಕೆ ಕಾರಣವಿದೆ. ಗೇರ್ ಹಾಕುವಾಗ ಸ್ಪ್ರಿಂಗಿನ ತಡೆ, ಆಮೇಲೆ ಹಲ್ಲುಗಳ ವೇಗ ಸರಿಹೊಂದಿಸುವ ಸಿಂಕ್ರೊ ರಿಂಗಿನ ತಡೆ ಎದುರಾಗುತ್ತವೆ. ಚಲಿಸತೊಡಗಿದ ಭಾರದ ಗುಂಡು ತನ್ನ ಓಟದಿಂದಲೇ ಅವನ್ನು ದಾಟಿಸುತ್ತದೆ, ಕೈಗೆ ಗೇರು ಬೆಣ್ಣೆಯಂತೆ ಜಾರಿದ ಅನುಭವ. ಆದರೆ ಕಾಯಿಲೆ ಬಿದ್ದ ಗೇರ್ ಬಾಕ್ಸಿಗೆ ಇದು ಮದ್ದಲ್ಲ. ಮಿಯಾಟಾದ ರಾಡ್ ಕೂರುವ ಗೂಡಿನಲ್ಲಿ ಅದರದ್ದೇ ಒಂದಿಷ್ಟು ಎಣ್ಣೆ, ಕೆಳತುದಿಗೆ ಒಂದು ಪ್ಲಾಸ್ಟಿಕ್ ಬುಷ್, ಮೇಲೆ ರಬ್ಬರ್ ಹೊದಿಕೆಗಳಿವೆ. ವಯಸ್ಸಾದಂತೆ ಹೊದಿಕೆ ಹರಿಯುತ್ತದೆ, ಎಣ್ಣೆ ಕಡಿಮೆಯಾಗುತ್ತದೆ, ಕೆಳಗಿನ ಬಿಸಿಗಾಳಿ ಒಳಗೆ ನುಗ್ಗುತ್ತದೆ. ನಾಬ್ ಸುಡುತ್ತಿದೆ ಎಂದರೆ ಬಹುಪಾಲು ಇದೇ ಕಾರಣ. ಮೊದಲು ಇದನ್ನು ಸರಿಪಡಿಸಿ ಆಮೇಲೆ ಹೊಸ ನಾಬಿಗೆ ದುಡ್ಡು ಹಾಕುವುದು ಜಾಣತನ. ಉಕ್ಕಿನ ಗುಂಡು ಬಿಸಿಲಲ್ಲಿ ನಿಂತ ತೆರೆದ ಕಾರಿನಲ್ಲಿ ಕಾದ ಹೆಂಚಾಗುತ್ತದೆ ಎಂಬುದೂ ಗಮನದಲ್ಲಿರಲಿ. ಅಲ್ಲಿ ಮರ ಅಥವಾ ಚರ್ಮವೇ ಹಿತ.

ಎತ್ತರದ್ದು ಸರಳ ಲೆಕ್ಕ. ರಾಡ್ ತಿರುಗುವ ಬಿಂದುವಿನಿಂದ ಅಂಗೈ 20 ಸೆಂಟಿಮೀಟರ್ ಮೇಲಿದೆ ಎನ್ನೋಣ. ನಾಬ್ 2 ಸೆಂಟಿಮೀಟರ್ ಎತ್ತರವಾದರೆ ಕೈ ಓಡಾಡುವ ದೂರ ಹತ್ತನೇ ಒಂದು ಪಾಲು ಹೆಚ್ಚುತ್ತದೆ, ಬೇಕಾಗುವ ಬಲ ತಗ್ಗುತ್ತದೆ. ಗಿಡ್ಡ ನಾಬಿನದು ಇದರ ಉಲ್ಟಾ.

ಕೂರಿಸುವುದು ಹತ್ತು ನಿಮಿಷದ ಕೆಲಸ. ಎಂಜಿನ್ ಆರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಳೆಯ ನಾಬನ್ನು ಎಡಕ್ಕೆ ತಿರುಗಿಸಬೇಕು. ಬಿಗಿಯಾಗಿದ್ದರೆ ಕೂದಲು ಒಣಗಿಸುವ ಡ್ರೈಯರಿನಿಂದ ಸ್ವಲ್ಪ ಬಿಸಿ ಮಾಡಿದರೆ ಸಡಿಲವಾಗುತ್ತದೆ. ಹೊಸದನ್ನು ಕೈಯಲ್ಲೇ ಇಳಿಸಬೇಕು, ಸ್ಪ್ಯಾನರ್ ಬೇಕಾಯಿತೆಂದರೆ ಥ್ರೆಡ್ ತಪ್ಪಿದೆ ಎಂದೇ ಅರ್ಥ. ಅಂಕಿಗಳು ನೇರವಾಗಿ ಕಾಣಲು ಕೆಳಗೊಂದು ಲಾಕ್ ನಟ್ ಇದ್ದರೆ ಸಾಕು.

ಎಲ್ಲ ಹಳೆಯ ಕಾರುಗಳೂ ಇಷ್ಟು ಸಲೀಸಲ್ಲ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ 1977ರ ನಂತರದ ಕಾರುಗಳಲ್ಲಿ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರಿನ ಸ್ವಿಚ್ಚು ಗೇರ್ ನಾಬಿನ ನೆತ್ತಿಯಲ್ಲೇ ಕೂತಿದೆ, ಅದರ ವೈರು ರಾಡಿನೊಳಗೆ ಇಳಿಯುತ್ತದೆ. ಅಲ್ಲಿ ಚಂದದ ಮರದ ನಾಬ್ ಬೇಕೆಂದರೆ ಸ್ವಿಚ್ಚಿಗೆ ಜಾಗವಿರುವುದನ್ನೇ ಹುಡುಕಬೇಕು, ಇಲ್ಲವೇ ಸ್ವಿಚ್ಚನ್ನು ಬೇರೆಡೆಗೆ ಸಾಗಿಸಬೇಕು.

ಮಿಯಾಟಾದಲ್ಲಿ ಕೊನೆಯ ತಪಾಸಣೆ ರಿವರ್ಸ್ ಗೇರಿನದು. ಐದನೆಯ ಗೇರಿನ ನೇರ ಹಿಂದೆ ಅದರ ಜಾಗ. ಕಾರು ನಿಂತಿರುವಾಗಲೇ ಕ್ಲಚ್ ಒತ್ತಿ ಒಂದರಿಂದ ಐದರವರೆಗೆ, ಆಮೇಲೆ ನ್ಯೂಟ್ರಲ್‌ಗೆ ಬಂದು ರಿವರ್ಸ್‌ಗೆ ಹಾಕಿ ನೋಡಬೇಕು. ಮುಂದಕ್ಕೆ ತಳ್ಳಿದಾಗ ಬೆರಳು ಡ್ಯಾಶ್‌ಬೋರ್ಡಿಗೆ ತಗಲಿದರೆ ಆ ನಾಬ್ ಎಷ್ಟೇ ಚಂದವಿದ್ದರೂ ಆ ಕಾರಿಗೆ ದೊಡ್ಡದಾಯಿತು, ಅಂಗಡಿಗೆ ಹಿಂದಿರುಗಿಸಬೇಕು.